ಎರಡು ಮಾತಿನ ನಡುವಿನ ಹುಡುಗಿ

ಸೋದರಿಯರೇ, ನಿಮ್ಮ ಬೀದಿಯ ಕೊನೆಯಲ್ಲೋ, ತೋಟದ ಲೈನ್ ಮನೆಯಲ್ಲೋ ದೂರದ ಸೀಮೆಯಿಂದ ಬಂದ ಸಂಸಾರವೊಂದು ಇದ್ದೀತು. ಆ ಮನೆಯ ಮಕ್ಕಳನ್ನು ಎಂದಾದರೂ ಗಮನಿಸಿದ್ದೀರಾ? ನಾನಂತೂ ಬಹಳ ದಿನ ಗಮನಿಸಿರಲಿಲ್ಲ, ನಿಜ ಹೇಳಿಬಿಡ್ತೀನಿ.

ನಮ್ಮದು ವಿರಾಜಪೇಟೆಯಿಂದ ಗೋಣಿಕೊಪ್ಪಕ್ಕೆ ಹೋಗುವ ದಾರಿಯ ಬಿಟ್ಟಂಗಾಲ. ಕೊಡಗಿನ ತೋಟಗಳಿಗೆ ಹೊರಗಿನವರು ಬರೋದು ಹೊಸದೇನಲ್ಲ. ಮಲಯಾಳ ಸೀಮೆಯವರು, ತಮಿಳರು, ಮೈಸೂರು ಕಡೆಯವರು ಬಂದು ಇಲ್ಲೇ ಬೇರು ಬಿಟ್ಟರು. ಈಗ ಅಸ್ಸಾಮಿನವರ ಸರದಿ. ಕಾಫಿ ಕುಯ್ಲು ಮುಗಿದ ಮೇಲೆ ಕೆಲವರು ರೈಲು ಹತ್ತುತ್ತಾರೆ, ಕೆಲವರು ಮಕ್ಕಳುಮರಿಯೊಂದಿಗೆ ಉಳಿದುಬಿಡುತ್ತಾರೆ.

ಹಾಗೆ ಉಳಿದ ಒಂದು ಮನೆಯ ಹಿರಿಮಗಳಿಗೆ ಆಗ ಹದಿಮೂರು. ಎರಡೇ ವರ್ಷದಲ್ಲಿ ಕನ್ನಡವನ್ನು ಅರಳು ಹುರಿದಂತೆ ಆಡತೊಡಗಿದಳು. ಕೊಡವ ತಕ್ಕ್ ಕೂಡ ಅರ್ಥವಾಗ್ತಿತ್ತು. "ಎಷ್ಟು ಚುರುಕು!" ಅಂತ ನಾವು ಹೊಗಳಿದ್ದೇ ಹೊಗಳಿದ್ದು. ಹೊಗಳಿಕೆಯ ಜೊತೆಗೆ ಹೊರೆಯೂ ಬಂತು. ರೈಟರ ಹತ್ತಿರ ಅಪ್ಪನ ಸಂಬಳದ ಲೆಕ್ಕ ಕೇಳೋಕೆ ಅವಳು, ಅಂಗಡಿಯ ಸಾಲ ಹೇಳೋಕೆ ಅವಳು, ತಮ್ಮನ ಮೇಲೆ ಮೇಷ್ಟ್ರು ಹೇಳಿದ ದೂರನ್ನು ಮನೆಗೆ ತಲುಪಿಸೋಕೂ ಅವಳೇ.

ಆಮೇಲೆ ಶುರುವಾಯಿತು ಹೊಟ್ಟೆನೋವು. ಶಾಲೆಯ ದಿನ ಬೆಳಿಗ್ಗೆ ಮಾತ್ರ! ನಾನು ಓಮದ ಕಷಾಯ ಕೊಟ್ಟೆ. ಡಾಕ್ಟರು ಪರೀಕ್ಷೆ ಮಾಡಿ ಏನೂ ಇಲ್ಲ ಅಂದರು. ಒಂದು ದಿನ ಬೇಲಿಯ ಬುಡದಲ್ಲಿ ಅವಳ ಬುತ್ತಿ ಚೆಲ್ಲಿತ್ತು. ತಾಯಿ ಖೊರಿಸಾ, ಅಂದರೆ ಹುಳಿ ಬರಿಸಿದ ಬಿದಿರಿನ ಕಳಲೆ, ಹಾಕಿ ಮಾಡಿದ ಪಲ್ಯ. ತರಗತಿಯ ಮಕ್ಕಳು ಮೂಗು ಮುಚ್ಚಿಕೊಂಡು ನಕ್ಕಿದ್ದರಂತೆ. ನಗು ಬರುತ್ತೆ ನೋಡಿ, ಮಳೆಗಾಲದಲ್ಲಿ ಅದೇ ಕಳಲೆಯನ್ನು ನೆನೆಹಾಕಿ ಬೈಂಬಳೆ ಕರಿ ಮಾಡಿ ಚಪ್ಪರಿಸೋರು ನಾವು!

ಇನ್ನು ನನ್ನ ತಪ್ಪು. ತಾಯಿಗೆ ವಿಪರೀತ ರಕ್ತಸ್ರಾವವಾದಾಗ ಆಸ್ಪತ್ರೆಗೆ ಕರಕೊಂಡು ಹೋದೆ, ಮಾತಿಗೆ ಇರಲಿ ಅಂತ ಮಗಳನ್ನೂ ಕೂರಿಸಿದೆ. ಮುಟ್ಟು, ಗರ್ಭ, ಗಂಡನ ವಿಷಯ, ಎಲ್ಲವನ್ನೂ ಆ ಮಗು ಅಮ್ಮನನ್ನು ಕೇಳಿ ಡಾಕ್ಟರಿಗೆ ಹೇಳಬೇಕಾಯಿತು. ತಾಯಿ ಗೋಡೆ ನೋಡುತ್ತಾ ಉತ್ತರ ಕೊಟ್ಟಳು. ಹೊರಗೆ ಬಂದ ಮೇಲೆ ಹುಡುಗಿ ಅಂದಳು, "ಅಕ್ಕಾ, ಇನ್ನು ನನಗೆ ಕನ್ನಡ ಬರಲ್ಲ ಅಂತ ಎಲ್ಲರಿಗೂ ಹೇಳಿಬಿಡಿ."

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೇರೆ ನೆಲಕ್ಕೆ ಹೋದವರ ಈ ಒಳಗುದಿಯ ಬಗ್ಗೆ ಕೆನಡಾದ ಮನಃಶಾಸ್ತ್ರಜ್ಞ ಜಾನ್ ಬೆರಿ ಬಹುಕಾಲ ಅಧ್ಯಯನ ಮಾಡಿದ್ದಾರೆ. ಅವರು ಹೇಳುವಂತೆ ಹೀಗೆ ಹೋದವರ ಮುಂದೆ ನಾಲ್ಕು ದಾರಿ. ತಮ್ಮದನ್ನು ಬಿಟ್ಟು ಹೊಸದರಲ್ಲಿ ಕರಗುವುದು, ಹೊಸದನ್ನು ದೂರವಿಟ್ಟು ತಮ್ಮಷ್ಟಕ್ಕೆ ಇರುವುದು, ಎರಡನ್ನೂ ಹಿಡಿದುಕೊಳ್ಳುವುದು, ಎರಡೂ ಕೈಬಿಟ್ಟು ಹೋಗುವುದು. 13 ದೇಶಗಳ ವಲಸೆ ಮನೆತನಗಳ ಹರೆಯದವರನ್ನು ಕುರಿತು ಅವರೂ ಸಂಗಡಿಗರೂ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎರಡನ್ನೂ ಹಿಡಿದವರೇ ಹೆಚ್ಚು ನೆಮ್ಮದಿಯಾಗಿ ಕಂಡುಬಂದರು. ಆದರೆ ಸುತ್ತಲಿನವರು ಮೂಗು ಮುಚ್ಚಿಕೊಂಡರೆ ಹಿಡಿದುಕೊಳ್ಳೋದು ಹೇಗೆ, ನೀವೇ ಹೇಳಿ?

ಮಕ್ಕಳು ಹೊಸ ಭಾಷೆಯನ್ನು ಬೇಗ ಕಲಿಯುತ್ತಾರೆ, ದೊಡ್ಡವರು ಹಿಂದೆ ಬೀಳುತ್ತಾರೆ. ಆಗ ಮನೆಯಲ್ಲಿ ಮಗುವೇ ಯಜಮಾನ. ಅಪ್ಪನಿಗೆ ಅವಮಾನ, ಮಗುವಿಗೆ ಭಾರ. ಕಿರಿಯವನಂತೂ ತಾಯಿನುಡಿಯಲ್ಲಿ ಕೇಳಿದ್ದಕ್ಕೆ ಕನ್ನಡದಲ್ಲೇ ಉತ್ತರ ಕೊಡ್ತಾನೆ. ತಾಯಿ ಸುಮ್ಮನಾಗುತ್ತಾಳೆ.

ನಾವು ಮಾಡಬಹುದಾದ್ದು ತೀರಾ ದೊಡ್ಡದೇನಲ್ಲ. ಆಸ್ಪತ್ರೆಯ ಮಾತಿಗೆ, ದುಡ್ಡಿನ ಜಗಳಕ್ಕೆ ಮಗುವನ್ನು ನಡುವೆ ನಿಲ್ಲಿಸಬೇಡಿ. ಆ ಭಾಷೆ ಬಲ್ಲ ದೊಡ್ಡ ಹೆಂಗಸೊಬ್ಬಳನ್ನು ಫೋನಿನಲ್ಲಾದರೂ ಹಿಡಿಯಿರಿ. ತಾಯಿಗೆ ದಿನಕ್ಕೆ ನಾಲ್ಕು ಕನ್ನಡ ಮಾತು ಕಲಿಸಿ, ಅವಳ ನಾಲ್ಕು ಮಾತು ನೀವೂ ಕಲಿಯಿರಿ. ನಮ್ಮ ಥೆರ್ಮೆ ತೊಪ್ಪು ಅವರಿಗೆ ಧೆಕಿಯಾ, ಅದೇ ಜರಿ ಸೊಪ್ಪು! ಟಿ.ಸಿ. ತಂದಿಲ್ಲ ಅಂತ ಶಾಲೆಯಲ್ಲಿ ಸೇರಿಸಿಕೊಳ್ಳದಿದ್ದರೆ ಧೈರ್ಯವಾಗಿ ಕೇಳಿ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಎಂಟನೇ ತರಗತಿಯವರೆಗೆ ಟಿ.ಸಿ. ತಡವಾಯಿತೆಂದು ಸರ್ಕಾರಿ ಶಾಲೆ ಪ್ರವೇಶ ನಿರಾಕರಿಸುವಂತಿಲ್ಲ. ಹೊಟ್ಟೆನೋವು, ತಲೆನೋವು ಪದೇಪದೇ ಬಂದರೆ ಮೊದಲು ಡಾಕ್ಟರಿಗೆ ತೋರಿಸಿ. ಮಗು ಮಂಕಾಗೇ ಇದ್ದರೆ, ಊಟ ನಿದ್ದೆ ಬಿಟ್ಟರೆ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿ. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಏಪ್ರಿಲ್ ಮಧ್ಯದಲ್ಲಿ ನಮಗೆ ಎಡಮ್ಯಾರ್, ಮಲಯಾಳಿಗಳಿಗೆ ವಿಷು, ಅವರಿಗೆ ಬಿಹು. ಕಳೆದ ಸಲ ಆ ತಾಯಿ ಎಳ್ಳು ಬೆಲ್ಲ ತುಂಬಿದ ಅಕ್ಕಿಯ ಪೀಠಾ ಮಾಡಿ ತಂದಳು. ಕದ ತಟ್ಟಿ "ಅಕ್ಕಾ, ತಗೊಳ್ಳಿ, ಬಿಸಿ ಇದೆ" ಅಂದಳು, ಕನ್ನಡದಲ್ಲೇ. ಮಗಳು ಹಿಂದೆ ನಿಂತಿದ್ದಳು, ಬಾಯಿ ಬಿಡಲಿಲ್ಲ. ಹೊಟ್ಟೆನೋವು ಈಗ ಹದಿನೈದು ದಿನಕ್ಕೊಮ್ಮೆ ಬರುತ್ತದೆ. ಜೂನ್‌ನಲ್ಲಿ ಒಂಬತ್ತನೇ ತರಗತಿ. ಅಪ್ಪ ಊರಿಗೆ ಹೋಗೋಣ ಅಂತಿದ್ದಾನೆ, ಅವಳು ಇನ್ನೂ ಏನೂ ಹೇಳಿಲ್ಲ.