ನಿಮಗಿದು ಗೊತ್ತೇ? ಸವೆದದ್ದು ಕಿಟಕಿಯಲ್ಲ, ಬಿಜಾಗರಿ!

ಯುಪಿವಿಸಿ ಕಿಟಕಿಯ ಕದ ಜೋತು ಬಿದ್ದಿದೆಯೇ? ಮುಚ್ಚಿದರೂ ಸಂದಿಯಿಂದ ಇರಚಲು ಒಳಗೆ ಬರುತ್ತಿದೆಯೇ? ಇಡೀ ಕಿಟಕಿಯನ್ನೇ ಕೀಳಿಸುವ ಮುನ್ನ ಇಷ್ಟು ತಿಳಿದಿರಲಿ.

● ಪಿವಿಸಿ ಮೊದಲು ಕಣ್ಣಿಗೆ ಬಿದ್ದದ್ದು 1872ರಲ್ಲಿ. ಜರ್ಮನಿಯ ರಸಾಯನ ವಿಜ್ಞಾನಿ ಯೂಜೆನ್ ಬೌಮನ್ ಬಿಸಿಲಿಗಿಟ್ಟಿದ್ದ ಗಾಜಿನ ಪಾತ್ರೆಯಲ್ಲಿ ಅದು ಬಿಳಿ ಗಟ್ಟಿಯಾಗಿ ಕೂತಿತ್ತು. ಅದರಿಂದ ಕಿಟಕಿ ತಯಾರಾಗಲು 1950ರ ದಶಕ ಬರಬೇಕಾಯಿತು. ಅದೂ ಜರ್ಮನಿಯಲ್ಲೇ.

● ತೋಟಕ್ಕೆ ನೀರು ಬಿಡುವ ಮೆತ್ತನೆಯ ಪೈಪೂ ಪಿವಿಸಿ, ಕಿಟಕಿಯ ಚೌಕಟ್ಟೂ ಪಿವಿಸಿ. ಪೈಪಿಗೆ ಮೆದುಗೊಳಿಸುವ ರಾಸಾಯನಿಕ ಬೆರೆಸುತ್ತಾರೆ, ಕಿಟಕಿಯ ಯುಪಿವಿಸಿಗೆ ಬೆರೆಸುವುದಿಲ್ಲ. ಹಾಗಾಗಿ ಚೌಕಟ್ಟು ಗಟ್ಟಿ. ಅದಕ್ಕೆ ಗೆದ್ದಲಿಲ್ಲ, ತುಕ್ಕಿಲ್ಲ. ದಿನವೂ ಉಜ್ಜಿ ಸವೆಯುವುದು ಲೋಹದ ಬಿಜಾಗರಿ, ಅಂದರೆ ಹಿಂಜ್.

● ಹೊರಕ್ಕೆ ತೆರೆಯುವ ಈ ಕಿಟಕಿಗೆ ಕೊಕ್ಕೆ ಬೇಕಿಲ್ಲ. ಹಿಂಜಿನ ಹಳಿಯಲ್ಲಿ ಜಾರುವ ಬಿಲ್ಲೆಯ ಘರ್ಷಣೆಯೇ ಕದವನ್ನು ನಿಲ್ಲಿಸುತ್ತದೆ. ಇಂಥ ಹಿಂಜಿಗೇ ‘ಫ್ರಿಕ್ಷನ್ ಸ್ಟೇ’ ಎಂದು ಹೆಸರು.

● ಗಾಳಿಗೆ ಕದ ತಾನಾಗಿ ಬಡಿದುಕೊಳ್ಳುತ್ತಿದ್ದರೆ ಮೊದಲು ಆ ಬಿಲ್ಲೆಯ ಮೇಲಿನ ಪುಟ್ಟ ಸ್ಕ್ರೂ ಬಿಗಿ ಮಾಡಿ ನೋಡಿ. ಹೊಸ ಹಿಂಜ್ ಬೇಕಾಗದೆಯೂ ಇರಬಹುದು.

● ಹಿಂಜಿಗೆ ಎರಡು ಅಳತೆ. ಹಳಿಯ ಉದ್ದ 8, 10, 12, 16 ಇಂಚು ಹೀಗೆ ಇರುತ್ತದೆ. ಮಡಚಿದಾಗಿನ ದಪ್ಪ ಸಾಮಾನ್ಯವಾಗಿ 13 ಇಲ್ಲವೇ 17 ಮಿಲಿಮೀಟರ್. ದಪ್ಪ ತಪ್ಪಿದರೆ ಕದ ಸರಿಯಾಗಿ ಮುಚ್ಚುವುದೇ ಇಲ್ಲ. ಹಳೆಯದನ್ನು ಬಿಚ್ಚಿ ಅಂಗಡಿಗೇ ಒಯ್ಯುವುದು ಜಾಣತನ.

● ಒಂದು ಕದಕ್ಕೆ ಎರಡು ಹಿಂಜ್. ಒಂದು ಮಾತ್ರ ಹಾಳಾಗಿದ್ದರೂ ಜೋಡಿಯನ್ನೇ ಬದಲಿಸಿ. ಇಲ್ಲದಿದ್ದರೆ ಕದದ ಭಾರ ಒಂದೇ ಕಡೆ ಬಿದ್ದು ಹೊಸದೂ ಬೇಗ ಸವೆಯುತ್ತದೆ.

● ಒಂದು ಚದರ ಮೀಟರ್ ವಿಸ್ತೀರ್ಣದ, ಒಂದು ಮಿಲಿಮೀಟರ್ ದಪ್ಪದ ಗಾಜು ಎರಡೂವರೆ ಕಿಲೋ ತೂಗುತ್ತದೆ. 5 ಮಿಲಿಮೀಟರಿನ ಗಾಜಾದರೆ ಹನ್ನೆರಡೂವರೆ ಕಿಲೋ, ಎರಡು ಪದರವಾದರೆ 25! ಒಬ್ಬರು ಕದ ಹಿಡಿದಿರಲಿ, ಇನ್ನೊಬ್ಬರು ಸ್ಕ್ರೂ ಬಿಚ್ಚಲಿ. ಮಹಡಿ ಮನೆಯಾದರೆ ಅನುಭವಿ ಕೆಲಸಗಾರರನ್ನೇ ಕರೆಯಿರಿ. ಕೈಜಾರಿದ ಕದ ಬೀಳುವುದು ಕೆಳಗೆ ಓಡಾಡುವವರ ತಲೆಯ ಮೇಲೆ.

● ಹಳೆಯ ತೂತಿನಲ್ಲಿ ಸ್ಕ್ರೂ ಸಡಿಲವಾಗಿ ತಿರುಗುತ್ತಿದೆಯೇ? ತುಸು ದಪ್ಪನೆಯ ಸ್ಟೇನ್‌ಲೆಸ್ ಸ್ಕ್ರೂ ಹಾಕಿದರೆ ಸಾಮಾನ್ಯವಾಗಿ ಹಿಡಿದುಕೊಳ್ಳುತ್ತದೆ.

● ಸ್ಟೇನ್‌ಲೆಸ್ ಸ್ಟೀಲೆಲ್ಲ ಒಂದೇ ಅಲ್ಲ. 430 ದರ್ಜೆಗೆ ಅಯಸ್ಕಾಂತ ಗಟ್ಟಿಯಾಗಿ ಅಂಟುತ್ತದೆ, 304 ಮತ್ತು 316ಕ್ಕೆ ಅಂಟುವುದೇ ಅಪರೂಪ. 316ರಲ್ಲಿ ಶೇ 2ರಿಂದ 3ರಷ್ಟು ಮಾಲಿಬ್ಡಿನಮ್ ಇರುವುದರಿಂದ ಉಪ್ಪುಗಾಳಿಯನ್ನು ಚೆನ್ನಾಗಿ ತಾಳುತ್ತದೆ. ಮಂಗಳೂರು, ಕಾರವಾರದ ಕಡಲಂಚಿನ ಮನೆಗಳಿಗೆ ಇದನ್ನೇ ಕೇಳಿ ಪಡೆಯಿರಿ.

● ಹೊಸ ಹಿಂಜ್ ಹಾಕಿದರೂ ಕದ ಕೆಳಗೆ ಉಜ್ಜುತ್ತಿದ್ದರೆ ತಪ್ಪು ಹಿಂಜಿನದಲ್ಲದೆಯೂ ಇರಬಹುದು. ಗಾಜಿನ ಅಂಚಿಗೆ ಕರ್ಣರೇಖೆಯಂತೆ ಎದುರುಬದುರು ಮೂಲೆಗಳಲ್ಲಿ ಕೊಟ್ಟಿರುವ ಪ್ಲಾಸ್ಟಿಕ್ ಬೆಣೆಗಳು ಜರುಗಿರಬಹುದು. ಕದವನ್ನು ಚೌಕವಾಗಿ ಹಿಡಿದಿಡುವುದು ಅವೇ.

● ಹಿಂಜಿನ ದೊಡ್ಡ ಶತ್ರು ದೂಳು. ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹಳಿ ತಿಕ್ಕಿ, ಕೀಲುಗಳಿಗೆ ಒಂದೊಂದು ಹನಿ ಎಣ್ಣೆ ಬಿಡಿ. ಜಾರುವ ಬಿಲ್ಲೆಗೆ ಮಾತ್ರ ಎಣ್ಣೆ ತಾಗಬಾರದು. ತಾಗಿದರೆ ಅದರ ಹಿಡಿತವೇ ಹೋಗುತ್ತದೆ.

● ಕೆಲಸ ಮುಗಿದ ಮೇಲೆ ಕದದ ಸಂದಿಗೆ ಕಾಗದದ ಚೂರು ಇಟ್ಟು ಮುಚ್ಚಿ, ಮೆಲ್ಲನೆ ಎಳೆಯಿರಿ. ನಾಲ್ಕೂ ಬದಿಯಲ್ಲಿ ಬಿಗಿಯಾಗಿ ಸಿಕ್ಕಿಕೊಂಡರೆ ರಬ್ಬರ್ ಪಟ್ಟಿ ಸರಿಯಾಗಿ ಕೂತಿದೆ. ಸಲೀಸಾಗಿ ಜಾರಿ ಬಂದ ಕಡೆಯೇ ನಾಳೆ ಇರಚಲು ನುಗ್ಗುವ ದಾರಿ!