ಹಂಪಿಯ ಸಂಶೋಧಕನಿಗೂ ಇರಲಿ ಮುಂಬಯಿ ಕನ್ನಡಿಗರ ನೆರವು

ಜೂನ್, ಜುಲೈ ಬಂತೆಂದರೆ ಮಹಾನಗರದ ತುಳು-ಕನ್ನಡಿಗರ ಸಂಘ ಸಂಸ್ಥೆಗಳಲ್ಲಿ ವಿದ್ಯಾರ್ಥಿವೇತನ ವಿತರಣೆ, ಪ್ರತಿಭಾ ಪುರಸ್ಕಾರ, ಉಚಿತ ಪುಸ್ತಕ ವಿತರಣೆಗಳ ಸಾಲು ಆರಂಭವಾಗುತ್ತದೆ. ಜಾತೀಯ ಸಂಘಗಳಿರಲಿ, ಊರಿನ ಹೆಸರಿನ ಸಂಘಗಳಿರಲಿ, ಉಪನಗರಗಳ ಕನ್ನಡ ಸಂಘಗಳಿರಲಿ, ಮಕ್ಕಳ ಓದಿಗೆ ನೆರವಾಗುವ ಕೆಲಸದಲ್ಲಿ ಯಾವುದೂ ಹಿಂದೆ ಬಿದ್ದಿಲ್ಲ. ಹೋಟೆಲಿನಲ್ಲಿ ದುಡಿದು ರಾತ್ರಿಶಾಲೆಯಲ್ಲಿ ಕಲಿತವರು, ತಮಗೆ ಸಿಗದ ಅನುಕೂಲ ಮುಂದಿನವರಿಗಾದರೂ ಸಿಗಲೆಂದು ಕಟ್ಟಿದ ಪರಂಪರೆಯಿದು. ಇದಕ್ಕೆ ಎಷ್ಟು ಕೃತಜ್ಞತೆ ಸಲ್ಲಿಸಿದರೂ ಕಡಿಮೆಯೇ.

ಆದರೆ ಈ ಪಟ್ಟಿಗಳನ್ನು ಗಮನಿಸಿ ನೋಡಿದರೆ ಒಂದು ಸಂಗತಿ ಕಾಣುತ್ತದೆ. ಎಸ್.ಎಸ್.ಸಿ., ಎಚ್.ಎಸ್.ಸಿ.ಯಲ್ಲಿ ಹೆಚ್ಚು ಅಂಕ ಗಳಿಸಿದವರು, ಇಂಜಿನಿಯರಿಂಗ್, ಮೆಡಿಕಲ್, ಸಿ.ಎ. ಓದುವವರು ಅಲ್ಲಿರುತ್ತಾರೆ. ಎಂ.ಎ. ಮುಗಿಸಿ ಪಿಎಚ್.ಡಿ.ಗೆ ಹೆಸರು ನೋಂದಾಯಿಸಿ, ಶಾಸನವನ್ನೋ, ತಾಳೆಗರಿಯನ್ನೋ, ಪಾಡ್ದನವನ್ನೋ ಹಿಡಿದು ಕುಳಿತ ಇಪ್ಪತ್ತೈದು, ಮೂವತ್ತರ ಪ್ರಾಯದವರು ಕಾಣುವುದು ಅಪರೂಪ. ಅಂಕಪಟ್ಟಿಯ ಬಲದಿಂದ ವೇದಿಕೆ ಹತ್ತುವ ವಯಸ್ಸು ಅವರದಲ್ಲ. ಸಂಪಾದಿಸಿ ಮನೆಗೆ ಕಳುಹಿಸುವ ಸ್ಥಿತಿಯೂ ಇಲ್ಲ. ನೆರವು ಹೆಚ್ಚು ಬೇಕಾದದ್ದು ಅವರಿಗೇ. ಅದರಲ್ಲೂ ಸಣ್ಣ ವಿಶ್ವವಿದ್ಯಾಲಯಗಳಲ್ಲಿ ಕನ್ನಡದ ಕೆಲಸ ಮಾಡುವವರಿಗೆ.

ಕಾಲೇಜುಗಳ ಬಲವಿಲ್ಲದ ವಿಶ್ವವಿದ್ಯಾಲಯ

ಹಂಪಿಯ ಕನ್ನಡ ವಿಶ್ವವಿದ್ಯಾಲಯವನ್ನೇ ತೆಗೆದುಕೊಳ್ಳೋಣ. 1991ರ ಕಾಯಿದೆಯಂತೆ ಹುಟ್ಟಿದ ಈ ಸಂಸ್ಥೆಗೆ ಡಾ. ಚಂದ್ರಶೇಖರ ಕಂಬಾರರು ಮೊದಲ ಕುಲಪತಿಗಳು. ಬಳಿಕ ಡಾ. ಎಂ. ಎಂ. ಕಲಬುರ್ಗಿ, ಡಾ. ಬಿ. ಎ. ವಿವೇಕ ರೈ ಅವರಂತಹ ವಿದ್ವಾಂಸರೂ ಅದನ್ನು ಮುನ್ನಡೆಸಿದ್ದಾರೆ. ಕಮಲಾಪುರದ ಬಳಿ ನಿಂತಿರುವ ಇದು ಈಗ ವಿಜಯನಗರ ಜಿಲ್ಲೆಯಲ್ಲಿದೆ. ಘಟಿಕೋತ್ಸವವನ್ನು ನುಡಿಹಬ್ಬವೆಂದು ಕರೆದು, ಗೌರವ ಪದವಿಯನ್ನು ನಾಡೋಜವೆಂದು ಕೊಡುವ ವಿಶ್ವವಿದ್ಯಾಲಯವೆಂದು ನಮ್ಮ ಓದುಗರಿಗೆ ಅದರ ಪರಿಚಯವಿದ್ದೇ ಇದೆ.

ಬೇರೆ ರಾಜ್ಯ ವಿಶ್ವವಿದ್ಯಾಲಯಗಳಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಬೆಂಗಳೂರು, ಮೈಸೂರು, ಮಂಗಳೂರು ವಿಶ್ವವಿದ್ಯಾಲಯಗಳಿಗೆ ಸಂಯೋಜಿತ ಕಾಲೇಜುಗಳಿವೆ. ಆ ಕಾಲೇಜುಗಳ ವಿದ್ಯಾರ್ಥಿಗಳ ಪರೀಕ್ಷಾ ಶುಲ್ಕ, ಸಂಯೋಜನೆಯ ಶುಲ್ಕಗಳಿಂದ ಬರುವ ಆದಾಯ ಕಷ್ಟಕಾಲದಲ್ಲಿ ಕೈಹಿಡಿಯುತ್ತದೆ. ಹಂಪಿಗೆ ಅಂತಹ ಪದವಿ ಕಾಲೇಜುಗಳ ದಂಡಿಲ್ಲ. ಸಂಶೋಧನೆಗೆಂದೇ ಕಟ್ಟಿದ ಸಂಸ್ಥೆಯಾದುದರಿಂದ ಅದರ ಖರ್ಚು ಸರಕಾರದ ಅನುದಾನವನ್ನೇ ನೆಚ್ಚಿಕೊಂಡಿದೆ. ಅನುದಾನ ಕುಗ್ಗಿದ ವರ್ಷ ಮೊದಲು ಏಟು ಬೀಳುವುದು ಸಂಶೋಧನೆಗೆ. ಏಕೆಂದರೆ ಸಂಬಳ, ಪಿಂಚಣಿಯನ್ನು ನಿಲ್ಲಿಸುವಂತಿಲ್ಲ. ಕ್ಷೇತ್ರಕಾರ್ಯ, ಗ್ರಂಥಖರೀದಿ, ಮುದ್ರಣಗಳನ್ನು ಮುಂದಕ್ಕೆ ಹಾಕಬಹುದು.

2020-21ರಲ್ಲಿ ಅನುದಾನ ತೀರ ಇಳಿದಾಗ ವಿದ್ಯಾರ್ಥಿಗಳೂ ಸಾಹಿತಿಗಳೂ ದನಿ ಎತ್ತಬೇಕಾಯಿತು. ಬಾಕಿ ಉಳಿದ ಫೆಲೋಶಿಪ್‌ಗಾಗಿ ಸಂಶೋಧನಾ ವಿದ್ಯಾರ್ಥಿಗಳು ಧರಣಿ ಕುಳಿತರು. ಮುಂದೆ ವಿದ್ಯುತ್ ಬಿಲ್ಲಿನ ಬಾಕಿಯೂ ಪತ್ರಿಕೆಗಳಲ್ಲಿ ಸುದ್ದಿಯಾಯಿತು. ಕನ್ನಡಕ್ಕೆಂದೇ ಕಟ್ಟಿದ ವಿಶ್ವವಿದ್ಯಾಲಯದ ಈ ಸ್ಥಿತಿ ಹೊರನಾಡಿನ ನಮಗೂ ನಾಚಿಕೆಯ ವಿಷಯವೇ.

ತಿಂಗಳ ಹಣ ತಿಂಗಳಿಗೆ ಬಾರದಾಗ

ಪಿಎಚ್.ಡಿ.ಗೆ ಯುಜಿಸಿ ನಿಯಮದಂತೆ ಕನಿಷ್ಠ ಮೂರು ವರ್ಷ ಬೇಕು, ಸಾಮಾನ್ಯವಾಗಿ ಆರು ವರ್ಷದವರೆಗೂ ಅವಕಾಶವಿದೆ. ಅಷ್ಟು ಕಾಲ ವಿದ್ಯಾರ್ಥಿ ಬದುಕುವುದು ಹೇಗೆ? ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ದೊರೆತವರು ಪುಣ್ಯವಂತರು. 2023ರ ಜನವರಿಯಿಂದ ಅವರಿಗೆ ತಿಂಗಳಿಗೆ 37,000 ರೂ., ಎಸ್.ಆರ್.ಎಫ್. ಆದ ಮೇಲೆ 42,000 ರೂ. ನಿಗದಿಯಾಯಿತು. ಆದರೆ ಜೆ.ಆರ್.ಎಫ್. ಸಿಗುವುದು ಕೆಲವರಿಗೆ ಮಾತ್ರ. ನೆಟ್ ಇಲ್ಲದವರಿಗೆ ತಿಂಗಳಿಗೆ 8,000 ರೂ. ಕೊಡುವ ಯುಜಿಸಿ ವ್ಯವಸ್ಥೆ ಬಂದದ್ದು ಕೇಂದ್ರೀಯ ವಿಶ್ವವಿದ್ಯಾಲಯಗಳಿಗೆ. ಹಂಪಿಯಂತಹ ರಾಜ್ಯ ವಿಶ್ವವಿದ್ಯಾಲಯದ ವಿದ್ಯಾರ್ಥಿ ರಾಜ್ಯ ಸರಕಾರದ ಅಥವಾ ವಿಶ್ವವಿದ್ಯಾಲಯದ ಸಹಾಯಧನಕ್ಕೇ ಕಾಯಬೇಕು.

ಆ ಹಣ ಮಂಜೂರಾಗುವುದಿಲ್ಲವೆಂದಲ್ಲ, ಹೊತ್ತಿಗೆ ಬರುವುದಿಲ್ಲ. ವರ್ಷ ಕಳೆದು ಒಮ್ಮೆಲೇ ಬಂದ ಹಣ ಮೆಸ್ಸಿನ ಬಾಕಿಗೆ, ಕೈಸಾಲಕ್ಕೆ ಹೋಗುತ್ತದೆಯೇ ಹೊರತು ಸಂಶೋಧನೆಗಲ್ಲ. ಕೂಲಿ ಮಾಡುವ ತಂದೆ-ತಾಯಿಯ ಮಗನೋ ಮಗಳೋ ಎರಡು ವರ್ಷ ಹೀಗೆ ಕಾದು, ಮೂರನೇ ವರ್ಷ ಯಾವುದಾದರೂ ಖಾಸಗಿ ಶಾಲೆಯ ಕೆಲಸಕ್ಕೆ ಸೇರಿಬಿಡುತ್ತಾರೆ. ಸಂಗ್ರಹಿಸಿದ ಸಾಮಗ್ರಿ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಹಾಡು ಹೇಳಿದ ಅಜ್ಜಿ ಮತ್ತೊಬ್ಬ ಸಂಶೋಧಕ ಬರುವವರೆಗೆ ಬದುಕಿರುತ್ತಾಳೆಂಬ ಭರವಸೆ ಎಲ್ಲಿದೆ?

ಗುರುಗಳೂ ಬೇಕು

ವಿದ್ಯಾರ್ಥಿಗೆ ಹಣ ಸಿಕ್ಕಿದರೆ ಸಾಲದು, ಮಾರ್ಗದರ್ಶಕರೂ ಬೇಕು. ಯುಜಿಸಿ ನಿಯಮದಲ್ಲಿ ಪ್ರೊಫೆಸರ್ ಏಕಕಾಲಕ್ಕೆ 8, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ಮಂದಿಗೆ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಅವಧಿ ಉಳಿದವರು ಹೊಸ ವಿದ್ಯಾರ್ಥಿಗಳನ್ನು ತೆಗೆದುಕೊಳ್ಳುವಂತಿಲ್ಲ. ಹೀಗಾಗಿ ಒಬ್ಬ ಪ್ರೊಫೆಸರ್ ನಿವೃತ್ತರಾಗಿ ಆ ಹುದ್ದೆ ಖಾಲಿ ಉಳಿಯಿತೆಂದರೆ ಎಂಟು ವಿದ್ಯಾರ್ಥಿಗಳ ಜಾಗವೇ ಹೋದಂತೆ. ದೊಡ್ಡ ವಿಶ್ವವಿದ್ಯಾಲಯದಲ್ಲಿ ಪಕ್ಕದವರು ನೋಡಿಕೊಳ್ಳುತ್ತಾರೆ. ಸಣ್ಣ ವಿಭಾಗದಲ್ಲಿ ಹಸ್ತಪ್ರತಿಯನ್ನೋ ಶಾಸನವನ್ನೋ ಓದಿಸಬಲ್ಲವರು ಒಬ್ಬರೋ ಇಬ್ಬರೋ. ಅವರು ಹೋದರೆ ವಿದ್ಯೆಯೇ ಹೋಯಿತು. ಅತಿಥಿ ಉಪನ್ಯಾಸಕರಿಂದ ಪಾಠವನ್ನೇನೋ ಮಾಡಿಸಬಹುದು; ವರ್ಷಗಟ್ಟಲೆ ನಡೆಯುವ ಸಂಶೋಧನೆಯನ್ನು ಅವರ ಮೇಲೆ ಹೊರಿಸುವುದು ನ್ಯಾಯವಲ್ಲ.

ಕೇಂದ್ರ ಸರಕಾರದ ಹೊಸ ಯೋಜನೆಗಳು ಸ್ವಾಗತಾರ್ಹವೇ. 2025ರ ಜನವರಿಯಲ್ಲಿ ಆರಂಭವಾದ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಯೋಜನೆಯಿಂದ ಸುಮಾರು 13,000 ವಿದ್ವತ್ ಪತ್ರಿಕೆಗಳು ಸರಕಾರಿ ವಿದ್ಯಾಸಂಸ್ಥೆಗಳಿಗೆ ತೆರೆದವು. ಮೂರು ವರ್ಷಕ್ಕೆ ಮೀಸಲಿಟ್ಟ ಹಣ 6,000 ಕೋಟಿ ರೂ. ಸಣ್ಣ ಊರಿನ ವಿಜ್ಞಾನ ವಿದ್ಯಾರ್ಥಿಗೆ ಇದು ವರದಾನ. ಆದರೆ ಆ ಪತ್ರಿಕೆಗಳಲ್ಲಿ ಬಹುಪಾಲು ಇಂಗ್ಲಿಷಿನವು. ಕನ್ನಡ ಸಂಶೋಧಕನ ಆಕರ ಇರುವುದು ಮಠದ ಕಪಾಟಿನಲ್ಲಿ, ಹೊಲದ ಕಲ್ಲಿನಲ್ಲಿ, ಹಿರಿಯರ ನಾಲಗೆಯ ಮೇಲೆ. ಅಲ್ಲಿಗೆ ಹೋಗಲು ಬಸ್ಸಿನ ಚಾರ್ಜು ಬೇಕು.

ಸಣ್ಣ ಸಂಸ್ಥೆ, ದೊಡ್ಡ ಕೆಲಸ

ಸಣ್ಣ ಕಡೆ ದೊಡ್ಡ ಕೆಲಸ ಆಗುವುದಿಲ್ಲವೆಂದು ಯಾರೂ ಭಾವಿಸಬೇಕಿಲ್ಲ. ನಮ್ಮ ತುಳು ನಿಘಂಟನ್ನೇ ನೋಡಿ. ಉಡುಪಿಯ ಎಂ.ಜಿ.ಎಂ. ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರದಲ್ಲಿ ಪ್ರೊ. ಕು. ಶಿ. ಹರಿದಾಸ ಭಟ್ಟರ ಮುತುವರ್ಜಿಯಿಂದ 1979ರಲ್ಲಿ ಕೆಲಸ ಆರಂಭವಾಯಿತು. ಡಾ. ಯು. ಪಿ. ಉಪಾಧ್ಯಾಯರ ಪ್ರಧಾನ ಸಂಪಾದಕತ್ವದಲ್ಲಿ ಆರು ಸಂಪುಟಗಳು ಮುಗಿದದ್ದು 1997ರಲ್ಲಿ. ಹದಿನೆಂಟು ವರ್ಷಗಳ ದುಡಿಮೆ! ಹೊರನಾಡಿನಲ್ಲೂ ಇಂತಹ ಉದಾಹರಣೆಯಿದೆ. ಕಿಟೆಲ್ ಕೋಶವನ್ನು ಪರಿಷ್ಕರಿಸಿ 1968ರಿಂದ 1971ರ ಅವಧಿಯಲ್ಲಿ ನಾಲ್ಕು ಸಂಪುಟಗಳಾಗಿ ಹೊರತಂದದ್ದು ಮದ್ರಾಸು ವಿಶ್ವವಿದ್ಯಾಲಯ, ಪ್ರೊ. ಎಂ. ಮರಿಯಪ್ಪ ಭಟ್ಟರ ಸಂಪಾದಕತ್ವದಲ್ಲಿ.

ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವೂ ಹಾಗೆಯೇ. ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ ಗ್ರಂಥಪಾಲಕರಾಗಿದ್ದ ಡಾ. ಶ್ರೀನಿವಾಸ ಹಾವನೂರರು ಅದರ ಮೊದಲ ಮುಖ್ಯಸ್ಥರು. ಬೆರಳೆಣಿಕೆಯ ಅಧ್ಯಾಪಕರಿಂದಲೇ ನಡೆದ ಈ ವಿಭಾಗ ಸಂಶೋಧನೆಯ ಜತೆಗೆ ಗ್ರಂಥಪ್ರಕಟಣೆಯನ್ನೂ ಮಾಡುತ್ತ ಬಂದಿದೆ. ಹಂಪಿಯ ಪ್ರಸಾರಾಂಗವಂತೂ ಸಾವಿರಕ್ಕೂ ಹೆಚ್ಚು ಪುಸ್ತಕಗಳನ್ನು ಕೊಟ್ಟಿದೆ. ಬಳ್ಳಾರಿ ಜಿಲ್ಲೆಯಿಂದ ಮೊದಲ್ಗೊಂಡು ಶಾಸನ ಸಂಪುಟಗಳನ್ನು ಹೊರತಂದಿದೆ. ಇವೆಲ್ಲ ಸಾಧ್ಯವಾದದ್ದು ನೆರವು ಒಮ್ಮೆ ಭಾರಿಯಾಗಿ ಬಂದುದರಿಂದಲ್ಲ, ಹಲವು ವರ್ಷ ನಿಲ್ಲದೆ ಬಂದುದರಿಂದ.

ಮುಂಬಯಿಯಲ್ಲಿರುವ ಕಡತಗಳು

ಹಂಪಿಯ ವಿದ್ಯಾರ್ಥಿಗೂ ಮುಂಬಯಿಗೂ ಏನು ಸಂಬಂಧವೆಂದು ಕೇಳಬಹುದು. ಧಾರವಾಡ, ಬೆಳಗಾವಿ, ವಿಜಾಪುರ ಜಿಲ್ಲೆಗಳು 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದವು. ಉತ್ತರ ಕನ್ನಡ 1862ರಲ್ಲಿ ಮದ್ರಾಸಿನಿಂದ ಮುಂಬಯಿಗೆ ಸೇರಿತು. ಕರ್ನಾಟಕ ವಿಶ್ವವಿದ್ಯಾಲಯ ಕೂಡ 1949ರಲ್ಲಿ ಆರಂಭವಾದದ್ದು ಮುಂಬಯಿಯಲ್ಲೇ, ಧಾರವಾಡಕ್ಕೆ ಹೋದದ್ದು 1950ರಲ್ಲಿ. ಆದುದರಿಂದ ಆ ಭಾಗದ ಶಾಲೆ, ಕಂದಾಯ, ಬರಗಾಲ, ಚಳವಳಿಗಳ ಇತಿಹಾಸ ಬರೆಯುವವರು ಮಹಾರಾಷ್ಟ್ರ ರಾಜ್ಯ ಪತ್ರಾಗಾರಕ್ಕೆ, ಏಷಿಯಾಟಿಕ್ ಸೊಸೈಟಿಯ ಗ್ರಂಥಾಲಯಕ್ಕೆ ಬರಲೇಬೇಕು. ಕಡತ ನೋಡಲು ಹದಿನೈದು ದಿನ, ತಿಂಗಳು ಹಿಡಿಯುತ್ತದೆ. ಈ ನಗರದ ಲಾಡ್ಜಿನಲ್ಲಿ ತಿಂಗಳು ಉಳಿಯುವ ಶಕ್ತಿ ಯಾವ ಬಡ ವಿದ್ಯಾರ್ಥಿಗಿದೆ? ಎರಡು ದಿನ ನೋಡಿ ಹಿಂತಿರುಗಿದರೆ ಪ್ರಬಂಧವೂ ಎರಡು ದಿನದ್ದೇ ಆಗುತ್ತದೆ.

ನಮ್ಮಿಂದ ಆಗುವುದೇನು?

ಸರಕಾರ ಮಾಡಬೇಕಾದ್ದನ್ನು ಸರಕಾರವೇ ಮಾಡಬೇಕು. ಖಾಲಿ ಹುದ್ದೆಗಳನ್ನು ತುಂಬುವುದು, ಅನುದಾನ ಕೊಡುವುದು ಅದರ ಹೊಣೆ. ದಾನಿಗಳು ಅದಕ್ಕೆ ಬದಲಿಯಾಗಲಾರರು. ಅದಕ್ಕಾಗಿ ಒತ್ತಾಯಿಸುವಾಗ ಹೊರನಾಡ ಸಂಘಗಳ ದನಿಯೂ ಸೇರಲಿ. ಅದರ ಜತೆಗೆ ನಮ್ಮ ಕೈಯಳತೆಯಲ್ಲಿ ಕೆಲವು ಕೆಲಸಗಳಿವೆ.

ಮೊದಲನೆಯದು ಹಣದ ಲೆಕ್ಕ. ಒಂದು ಲಕ್ಷದ ದತ್ತಿನಿಧಿ ಇಟ್ಟರೆ, ಶೇ. 7ರ ಬಡ್ಡಿ ಎಂದು ಹಿಡಿದರೂ, ವರ್ಷಕ್ಕೆ ಬರುವುದು 7,000 ರೂ. ಅದರಲ್ಲಿ ಒಂದು ಉಪನ್ಯಾಸ ಆದೀತು, ಸಂಶೋಧನೆಯಾಗದು. ತಿಂಗಳಿಗೆ 10,000 ರೂ.ನಂತೆ ಒಬ್ಬರಿಗೆ ಮೂರು ವರ್ಷ ಕೊಟ್ಟರೆ 3.60 ಲಕ್ಷ ರೂ. ಸಾಕು, ಒಂದು ಪ್ರಬಂಧ ಮುಗಿಯುತ್ತದೆ. ಇದೊಂದು ಸಂಘಕ್ಕೆ ಭಾರವಾದರೆ ಮೂರು ಸಂಘಗಳು ಸೇರಿ ಹೊರಬಹುದು. ಹಣ ತಿಂಗಳ ಮೊದಲ ವಾರವೇ ತಲುಪಬೇಕೆಂಬುದೊಂದೇ ಷರತ್ತು ಇರಲಿ. ವಿಷಯ ಯಾವುದು, ಫಲಿತಾಂಶ ಏನು ಬರಬೇಕೆಂದು ದಾನಿಗಳು ಹೇಳಹೋಗಬಾರದು.

ಎರಡನೆಯದು ವಸತಿ. ಸ್ವಂತ ಭವನವಿರುವ ಸಂಘಗಳು ವರ್ಷಕ್ಕೆ ನಾಲ್ಕಾರು ವಾರ ಒಂದು ಕೋಣೆಯನ್ನು ಊರಿನಿಂದ ಬರುವ ಸಂಶೋಧಕರಿಗೆ ಬಿಟ್ಟುಕೊಟ್ಟರೆ ದೊಡ್ಡ ಉಪಕಾರ. ಕೋಣೆಯಿಲ್ಲದಿದ್ದರೆ ಹೋಟೆಲ್ ಉದ್ಯಮದಲ್ಲಿರುವ ನಮ್ಮವರು ಎರಡು ಹೊತ್ತಿನ ಊಟದ ಹೊಣೆ ಹೊರಬಹುದು.

ಮೂರನೆಯದು ಕಾಗದ. ಹಳೆಯ ಸ್ಮರಣ ಸಂಚಿಕೆಗಳು, ಸಂಘದ ನಡಾವಳಿ ಪುಸ್ತಕಗಳು, ನಾಟಕದ ಕರಪತ್ರಗಳು, ನಿಂತುಹೋದ ಪತ್ರಿಕೆಗಳ ಸಂಚಿಕೆಗಳು ಮನೆ ಬದಲಿಸುವಾಗ ರದ್ದಿಗೆ ಹೋಗುತ್ತಿವೆ. ಮುಂಬಯಿ ಕನ್ನಡಿಗರ ಚರಿತ್ರೆ ಬರೆಯಲು ಬೇರೆ ಆಕರವಿಲ್ಲ. ರದ್ದಿಯವನನ್ನು ಕರೆಯುವ ಮೊದಲು ಕಲಿನಾದ ಕನ್ನಡ ವಿಭಾಗಕ್ಕೋ ಹಂಪಿಯ 'ಅಕ್ಷರ' ಗ್ರಂಥಾಲಯಕ್ಕೋ ಒಂದು ಮಾತು ಕೇಳಿ ನೋಡಬಹುದು. ಜತೆಗೆ ಸಭೆಗಳಲ್ಲಿ ಶಾಲು, ಹಾರ, ಫಲಕಗಳ ಬದಲು ಪ್ರಸಾರಾಂಗದ ಪುಸ್ತಕಗಳನ್ನೇ ಕೊಂಡು ಕೊಟ್ಟರೆ ವಿಶ್ವವಿದ್ಯಾಲಯಕ್ಕೂ ಲಾಭ, ಪಡೆದವರಿಗೂ ಲಾಭ.

ಈ ವರ್ಷದ ವಿದ್ಯಾರ್ಥಿವೇತನದ ಅರ್ಜಿ ನಮೂನೆ ಅಚ್ಚಿಗೆ ಕೊಡುವ ಮುನ್ನ ಸಂಘಗಳ ಪದಾಧಿಕಾರಿಗಳು ಅದರಲ್ಲಿ 'ಪಿಎಚ್.ಡಿ. ಸಂಶೋಧನೆ' ಎಂಬ ಒಂದು ಸಾಲು ಸೇರಿಸಲಿ. ಅರ್ಜಿ ಒಂದೇ ಬರಬಹುದು. ಆ ಒಬ್ಬರ ಕೆಲಸ ಮುಗಿದರೆ ಕನ್ನಡಕ್ಕೆ ಒಂದು ಪುಸ್ತಕ ಉಳಿಯುತ್ತದೆ.