ಹಿತ್ತಲ ಗಿಡವೂ ಮದ್ದು, ಅದಕ್ಕೂ ಜೀವವುಂಟು

ಮುಂಗಾರು ಹಿಡಿಯಿತೆಂದರೆ ಹುಕ್ಕೇರಿ ಸೀಮೆಯ ಹಿತ್ತಲುಗಳಲ್ಲಿ, ಹೊಲದ ಬದುಗಳಲ್ಲಿ ನೆಲನೆಲ್ಲಿ, ತುಂಬೆ, ಉತ್ತರಾಣಿ, ಗರಗ ಯಾರೂ ಬಿತ್ತದೆಯೇ ಹುಟ್ಟುತ್ತವೆ. ಬೇವಿನ ಮರಕ್ಕೆ ಅಮೃತಬಳ್ಳಿ ಹಬ್ಬುತ್ತದೆ. ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆ ನಮ್ಮ ಉದಾಸೀನವನ್ನು ಹಂಗಿಸುತ್ತದೆಯೇ ಹೊರತು ಗಿಡದ ಗುಣವನ್ನಲ್ಲ. ಅವುಗಳನ್ನು ಗುರುತಿಸಿ ಬಳಸುವ ಅರಿವು ಹಿರಿಯರೊಂದಿಗೇ ಮರೆಯಾಗುತ್ತಿದೆ.

ಜೈನ ಪರಂಪರೆಯಲ್ಲಿ ಈ ಅರಿವು ಧರ್ಮದ ಅಂಗ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಔಷಧಕ್ಕೂ ಸ್ಥಾನವಿದೆ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯಾಚಾರ್ಯರು ‘ಕಲ್ಯಾಣಕಾರಕ’ವೆಂಬ ಸಂಸ್ಕೃತ ವೈದ್ಯಗ್ರಂಥವನ್ನು ರಚಿಸಿ, ಔಷಧಕ್ಕಾಗಿಯೂ ಮಾಂಸ ಸಲ್ಲದೆಂದು ವಾದಿಸಿದರು. ಆ ಗ್ರಂಥ 1940ರಲ್ಲಿ ಸೊಲ್ಲಾಪುರದಿಂದ ಪ್ರಕಟವಾಯಿತು.

ಆದರೆ ಗಿಡವೂ ಜೀವವೇ. ವನಸ್ಪತಿಯು ಏಕೇಂದ್ರಿಯ ಜೀವ. ಗೃಹಸ್ಥನಿಗೆ ಅದರ ಹಿಂಸೆಯನ್ನು ಪೂರ್ಣವಾಗಿ ಬಿಡಲು ಸಾಧ್ಯವಿಲ್ಲ; ಅಗತ್ಯಕ್ಕೆ ಮಿತಗೊಳಿಸಲು ಸಾಧ್ಯವಿದೆ. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಪ್ರಯೋಜನವಿಲ್ಲದೆ ಗಿಡ ಕತ್ತರಿಸುವುದನ್ನು ಪ್ರಮಾದಚರ್ಯೆಯೆಂದು ಎಣಿಸಿ, ಅನರ್ಥದಂಡದಲ್ಲಿ ಸೇರಿಸಿದೆ. ರೋಗಿಗಾಗಿ ನಾಲ್ಕು ಎಲೆ ಕೊಯ್ಯುವುದು ಬೇರೆ. ನಡೆಯುತ್ತ ಬೇಲಿಯ ಚಿಗುರು ಚಿವುಟಿ ಎಸೆಯುವುದು ಬೇರೆ.

ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ‘ಗೊಮ್ಮಟಸಾರ’ದಲ್ಲಿ ಲೇಶ್ಯೆಗಳನ್ನು ವಿವರಿಸುವ ದೃಷ್ಟಾಂತವೊಂದಿದೆ. ಹಸಿದ ಆರು ಜನ ದಾರಿಗರು ಹಣ್ಣು ತುಂಬಿದ ಮರವನ್ನು ಕಾಣುತ್ತಾರೆ. ಕೃಷ್ಣಲೇಶ್ಯೆಯವನು ಅದನ್ನು ಬುಡಸಹಿತ ಕೀಳಬಯಸುತ್ತಾನೆ; ಶುಕ್ಲಲೇಶ್ಯೆಯವನಿಗೆ ತಾನಾಗಿ ಉದುರಿದ ಹಣ್ಣೇ ಸಾಕು. ಆರೂ ಜನರ ಹಸಿವು ಒಂದೇ, ಭಾವ ಮಾತ್ರ ಬೇರೆ. ಮೂಲಿಕೆ ತರಲು ಹೋಗುವ ಕೈಗೂ ಇದೇ ಪರೀಕ್ಷೆ.

ಎಲೆ ಸಾಕಾಗುವಲ್ಲಿ ರೆಂಬೆ ಮುರಿಯಬಾರದು. ರೆಂಬೆ ಸಾಕಾಗುವಲ್ಲಿ ಬೇರು ಕೀಳಬಾರದು. ಅಮೃತಬಳ್ಳಿಯ ಒಂದು ಗೇಣು ತುಂಡು ತೆಗೆದರೆ ಬಳ್ಳಿ ಸಾಯುವುದಿಲ್ಲ, ಮತ್ತೆ ಚಿಗುರುತ್ತದೆ. ಕೆಮ್ಮಿನ ಕಷಾಯಕ್ಕೆ ಆಡುಸೋಗೆಯ ಬಲಿತ ಎಲೆ ಸಾಕು, ಕುಡಿ ಬೇಡ. ನೆಲನೆಲ್ಲಿಯ ಕೆಲವು ಗಿಡಗಳನ್ನಾದರೂ ಬೀಜಕ್ಕೆ ಬಿಡಬೇಕು. ಸೂರ್ಯಾಸ್ತಕ್ಕೆ ಮುನ್ನ, ಹುಳುಹುಪ್ಪಟೆಗಳನ್ನು ನೋಡಿಯೇ ಕೊಯ್ಯಬೇಕು. ಚಾತುರ್ಮಾಸದಲ್ಲಿ, ಅಷ್ಟಮಿ-ಚತುರ್ದಶಿಗಳಂದು ಹಸಿರು ತ್ಯಜಿಸುವ ನೇಮವುಳ್ಳವರು ಮೊದಲೇ ನೆರಳಲ್ಲಿ ಒಣಗಿಸಿಟ್ಟುಕೊಳ್ಳುವುದು ಯುಕ್ತ.

ಅರೆಬರೆ ತಿಳಿವಳಿಕೆಯಿಂದ ತನ್ನ ದೇಹಕ್ಕೂ ಹಿಂಸೆ. ನೆಲನೆಲ್ಲಿಗೆ ಎಲೆಗರಿಯ ಅಡಿಯಲ್ಲಿ ಸಾಸಿವೆಯಂಥ ಕಾಯಿಗಳ ಸಾಲು ಗುರುತಾದರೂ ಅದನ್ನು ಹೋಲುವ ಗಿಡಗಳಿವೆ. ಅಮೃತಬಳ್ಳಿಯನ್ನು ಹೋಲುವ ಬಳ್ಳಿಗಳೂ ಇವೆ. ಆದ್ದರಿಂದ ಬಲ್ಲವರೊಡನೆ ಗಿಡದ ಮುಂದೆ ನಿಂತೇ ಕಲಿಯಬೇಕು. ಗರ್ಭಿಣಿಯರು, ಮಕ್ಕಳು, ನಿತ್ಯ ಮಾತ್ರೆ ಸೇವಿಸುವವರು ವೈದ್ಯರನ್ನು ಕೇಳದೆ ಯಾವುದನ್ನೂ ಸೇವಿಸಬಾರದು. ಜ್ವರ ಇಳಿಯದಿದ್ದರೆ ಕಷಾಯವನ್ನೇ ನಂಬಿ ಕೂರದೆ ಆಸ್ಪತ್ರೆಗೆ ಹೋಗಬೇಕು.

ಮನೆಯ ಹಿರಿಯರು ಈ ಮಳೆಗಾಲದಲ್ಲಿ ಮೊಮ್ಮಕ್ಕಳನ್ನು ಹಿತ್ತಲಿಗೆ ಕರೆದೊಯ್ದು ಐದು ಗಿಡಗಳ ಹೆಸರನ್ನಾದರೂ ಹೇಳಿಕೊಡಲಿ. ಹೆಸರು ಬಲ್ಲ ಗಿಡವನ್ನು ಮಗು ಸುಮ್ಮನೆ ಕೀಳುವುದಿಲ್ಲ.